ಹಳೇ ಆಸ್ಪತ್ರೆ ಬಿಲ್, ಹೊಸ ಕಲೆಕ್ಷನ್ ಕರೆ: ಅಮೆರಿಕದಲ್ಲಿರುವ ಕನ್ನಡಿಗರಿಗೆ ಇರುವ ದಾರಿಗಳು

"ಇವತ್ತು ಬರೀ 25 ಡಾಲರ್ ಕಟ್ಟಿ ಸಾಕು, ಉಳಿದದ್ದು ಆಮೇಲೆ ನೋಡೋಣ." ಎಂಟು ಹತ್ತು ವರ್ಷದ ಹಿಂದಿನ ಎಮರ್ಜೆನ್ಸಿ ರೂಮ್ ಬಿಲ್ಲಿನ ಹೆಸರು ಹೇಳಿ ಫೋನ್ ಮಾಡುವ ಕಲೆಕ್ಷನ್‌ನವರ, ಅಂದರೆ ಬಾಕಿ ವಸೂಲಿಯವರ ಮಾತು ಇದು. ಕೇಳೋದಕ್ಕೆ ಹಗುರ. ಪೀಡೆ ತೊಲಗಲಿ ಅಂತ ನಮ್ಮವರು ಕಾರ್ಡ್ ನಂಬರ್ ಕೊಟ್ಟೇಬಿಡುತ್ತಾರೆ. ಹಳೇ ಬಾಕಿಯ ವಿಷಯದಲ್ಲಿ ಮೊದಲು ಮಾಡಬಾರದ ಕೆಲಸ ಇದೇ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಅಮೆರಿಕದಲ್ಲಿ ಇಂಥ ಬಿಲ್ ಹೇಗೆ ಹುಟ್ಟುತ್ತದೆ ಅನ್ನೋದು ಅಲ್ಲಿದ್ದವರಿಗೆಲ್ಲ ಗೊತ್ತು. ಎಂಎಸ್ ಮಾಡುವಾಗ ಹೊಟ್ಟೆನೋವು ಅಂತ ಹೋಗಿದ್ದು. ಆಸ್ಪತ್ರೆಯ ಬಿಲ್ ಇನ್ಶೂರೆನ್ಸ್ ಕೊಟ್ಟಿತು, ಆದರೆ ಸ್ಕ್ಯಾನ್ ಓದಿದ ಡಾಕ್ಟರ್ ಬಿಲ್ ಬೇರೆ ಬಂತು. ಅದು ಬರುವ ಹೊತ್ತಿಗೆ ಅಪಾರ್ಟ್‌ಮೆಂಟ್ ಬದಲಾಗಿತ್ತು, ಕೆಲಸ ಸಿಕ್ಕಿ ಬೇರೆ ರಾಜ್ಯಕ್ಕೆ ಹೋಗಿಯಾಗಿತ್ತು. ಅಥವಾ ನೋಡಿಹೋಗಲು ಬಂದ ಅಪ್ಪ ಅಮ್ಮನಿಗೆ ಎದೆನೋವು ಬಂದು ಒಂದು ರಾತ್ರಿ ಅಡ್ಮಿಟ್ ಆಗಿದ್ದರು. ವಿಸಿಟರ್ ಇನ್ಶೂರೆನ್ಸ್‌ನವರು ಸ್ವಲ್ಪ ಕೊಟ್ಟು ಕೈ ತೊಳೆದುಕೊಂಡರು. ವರ್ಷಗಟ್ಟಲೆ ಯಾರ ಸದ್ದೂ ಇಲ್ಲ. ಆಮೇಲೆ ಒಂದು ದಿನ ಕರೆ.

ಇಷ್ಟು ವರ್ಷ ಮಲಗಿದ್ದ ಬಿಲ್ ಈಗ ಯಾಕೆ ಎದ್ದಿತು? ಬಾಕಿಯನ್ನು ಮಾರುತ್ತಾರೆ, ಅದಕ್ಕೆ. ಆಸ್ಪತ್ರೆ ಮೊದಲು ಕಲೆಕ್ಷನ್ ಏಜೆನ್ಸಿಗೆ ಕಮಿಷನ್ ಮೇಲೆ ವಸೂಲಿಗೆ ಕೊಡುತ್ತದೆ. ಬರದೇ ಹೋದರೆ ಎಷ್ಟೋ ಸಲ ಸಾವಿರಾರು ಬಾಕಿಗಳನ್ನು ಒಟ್ಟಿಗೆ ಮಾರಿಬಿಡುತ್ತದೆ. ಕೊಂಡವರು ಇನ್ನೊಬ್ಬರಿಗೆ ಮಾರುತ್ತಾರೆ. ಅಮೆರಿಕದಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2013ರಲ್ಲಿ ಈ ವ್ಯಾಪಾರದ ಮೇಲೆ ವರದಿ ಕೊಟ್ಟಿತ್ತು. ಎಲ್ಲ ಬಗೆಯ ಸಾಲ ಸೇರಿ, ಕೊಂಡವರು ಒಂದು ಡಾಲರ್ ಬಾಕಿಗೆ ಕೊಟ್ಟ ಬೆಲೆ ಸರಾಸರಿ 4 ಸೆಂಟ್. ಬಾಕಿಗೆ ಆರು ವರ್ಷ ದಾಟಿದ್ದರೆ 2 ಸೆಂಟ್ ಆಸುಪಾಸು. ಆ ಲೆಕ್ಕದಲ್ಲಿ 3,000 ಡಾಲರಿನ ನಿಮ್ಮ ಹಳೇ ಬಿಲ್ಲು ಅವರಿಗೆ 60 ಡಾಲರಿಗೆ ಸಿಕ್ಕಿರಬಹುದು. ಜೊತೆಗೆ ಸಿಗುವ ಕಾಗದಪತ್ರವೂ ಅಷ್ಟಕ್ಕಷ್ಟೇ. ಹೆಸರು, ಹಳೇ ವಿಳಾಸ, ಒಂದು ಮೊತ್ತ. ಇದನ್ನು ತಲೆಯಲ್ಲಿಟ್ಟುಕೊಂಡರೆ ಫೋನಿನಲ್ಲಿ ಬರುವ ದನಿಗೆ ಅರ್ಧ ಹೆದರಿಕೆ ಕಮ್ಮಿ.

ಮೊದಲು ಬಾಕಿಯ ವಯಸ್ಸು ನೋಡಿ

ಯಾವ ದಾರಿ ಹಿಡಿಯಬೇಕು ಅನ್ನೋದು ಬಿಲ್ಲಿನ ಮೊತ್ತಕ್ಕಿಂತ ಅದರ ವಯಸ್ಸಿನ ಮೇಲೆ ನಿಂತಿದೆ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕ ಇವೆ. ಜನ ಎರಡನ್ನೂ ಕಲಸಿಬಿಡುತ್ತಾರೆ. ಕಲೆಕ್ಷನ್‌ನವರಿಗೂ ಹಾಗೆ ಕಲಸಿದರೇ ಅನುಕೂಲ.

ಮೊದಲನೆಯದು ಕೋರ್ಟಿನ ಅವಧಿ. ಬಾಕಿ ವಸೂಲಿಗೆ ಎಷ್ಟು ವರ್ಷದೊಳಗೆ ದಾವೆ ಹಾಕಬೇಕು ಅಂತ ಒಂದೊಂದು ರಾಜ್ಯ ಒಂದೊಂದು ಮಿತಿ ಇಟ್ಟಿದೆ. ಲಿಖಿತ ಒಪ್ಪಂದದ ಸಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ 4 ವರ್ಷ, ಟೆಕ್ಸಾಸ್‌ನಲ್ಲೂ 4. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ವಾಷಿಂಗ್ಟನ್‌ನಲ್ಲಿ 6. ನಾರ್ತ್ ಕೆರೊಲಿನಾದಲ್ಲಿ 3. ನ್ಯೂಯಾರ್ಕ್ 2020ರಲ್ಲಿ ವೈದ್ಯಕೀಯ ಬಾಕಿಗೆ ಅಂತಲೇ 3 ವರ್ಷದ ಮಿತಿ ತಂದಿತು. ವಿಸ್ಕಾನ್ಸಿನ್ ಮತ್ತು ಮಿಸಿಸಿಪ್ಪಿ ಇನ್ನೂ ಮುಂದೆ ಹೋಗಿವೆ. ಅಲ್ಲಿ ಅವಧಿ ಮುಗಿದರೆ ಬಾಕಿಯೇ ಇಲ್ಲವಾಗುತ್ತದೆ. ಉಳಿದ ಕಡೆ ಹಾಗಲ್ಲ. ಬಾಕಿ ಉಳಿದಿರುತ್ತದೆ, ಕೋರ್ಟಿಗೆ ಎಳೆಯುವ ಹಕ್ಕು ಹೋಗಿರುತ್ತದೆ. ಅಂದರೆ ಕೇಳಬಹುದು, ಕಾಡುವಂತಿಲ್ಲ. 2021ರ ನವೆಂಬರ್ 30ರಿಂದ ಜಾರಿಯಲ್ಲಿರುವ, ರೆಗ್ಯುಲೇಷನ್ ಎಫ್ ಅನ್ನುವ ಅಮೆರಿಕದ ಕೇಂದ್ರ ಸರ್ಕಾರದ ವಸೂಲಿ ನಿಯಮದ ಪ್ರಕಾರ, ಅವಧಿ ಮುಗಿದ ಬಾಕಿಗೆ ಕಲೆಕ್ಟರ್ ದಾವೆ ಹಾಕುವುದೂ ತಪ್ಪು, ಹಾಕುತ್ತೇವೆ ಅಂತ ಬೆದರಿಸುವುದೂ ತಪ್ಪು.

ಆ 25 ಡಾಲರಿನ ಗುಟ್ಟು ಇಲ್ಲೇ ಇರೋದು. ಅನೇಕ ರಾಜ್ಯಗಳಲ್ಲಿ ಒಂದು ಸಣ್ಣ ಕಂತು ಕಟ್ಟಿದರೂ ಸಾಕು, "ಹೌದು, ನಾನು ಕೊಡಬೇಕು" ಅಂತ ಬರೆದುಕೊಟ್ಟರೂ ಸಾಕು, ಅವಧಿ ಮತ್ತೆ ಒಂದರಿಂದ ಶುರುವಾಗುತ್ತದೆ. ಸತ್ತ ದಾವೆಗೆ ನೀವೇ ಜೀವ ಕೊಟ್ಟ ಹಾಗೆ. ಟೆಕ್ಸಾಸ್ 2019ರಲ್ಲಿ ಈ ಬಾಗಿಲು ಮುಚ್ಚಿತು. ಅಲ್ಲಿ ಬಾಕಿ ಕೊಂಡುಕೊಂಡವರಿಗೆ ಅವಧಿ ಮುಗಿದ ಮೇಲೆ ದುಡ್ಡು ಕಟ್ಟಿದರೂ ದಾವೆಯ ಹಕ್ಕು ಮರಳಿ ಬರುವುದಿಲ್ಲ. ಎಲ್ಲ ರಾಜ್ಯಗಳೂ ಇಷ್ಟು ಉದಾರವಾಗಿಲ್ಲ.

ನಮ್ಮವರು ಗಮನಿಸಬೇಕಾದ ಇನ್ನೊಂದು ಕೊಕ್ಕೆ ಇದೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳ ಕಾನೂನಿನಲ್ಲಿ ಸಾಲಗಾರ ರಾಜ್ಯದ ಹೊರಗಿದ್ದ ಕಾಲವನ್ನು ಲೆಕ್ಕದಿಂದ ಬಿಡಲು ಅವಕಾಶ ಇದೆ. ಮೂರು ವರ್ಷ ಬೆಂಗಳೂರಿನಲ್ಲಿದ್ದು ವಾಪಸ್ ಹೋದವರು ತಮ್ಮ ಬಾಕಿಯ ಅವಧಿ ಮುಗಿದಿದೆ ಅಂತ ಕಣ್ಣು ಮುಚ್ಚಿ ನಂಬಬಾರದು. ಇಂಥ ಕಡೆ ಒಬ್ಬ ವಕೀಲರನ್ನು ಅರ್ಧ ಗಂಟೆ ಕೇಳೋದು ಲೇಸು.

ಎರಡನೆಯ ಲೆಕ್ಕ ಕ್ರೆಡಿಟ್ ರಿಪೋರ್ಟಿನದು. ಅದು ಇಡೀ ದೇಶಕ್ಕೆ ಒಂದೇ: ಸುಮಾರು 7 ವರ್ಷ. ದುಡ್ಡು ಕಟ್ಟಿದರೂ ಬಿಟ್ಟರೂ ಇದು ಮೊದಲಿನಿಂದ ಶುರುವಾಗುವುದಿಲ್ಲ. ಅಲ್ಲದೆ ಆ ರಿಪೋರ್ಟ್ ತಯಾರಿಸುವ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರೂ 2022ರ ಜುಲೈಯಿಂದ ತೀರಿಸಿದ ವೈದ್ಯಕೀಯ ಬಾಕಿಯನ್ನು ತೆಗೆದುಹಾಕಿವೆ. 2023ರಿಂದ 500 ಡಾಲರಿಗಿಂತ ಕಡಿಮೆ ಇರುವುದನ್ನೂ ತೋರಿಸುತ್ತಿಲ್ಲ. ಎಲ್ಲ ವೈದ್ಯಕೀಯ ಬಾಕಿಯನ್ನೂ ರಿಪೋರ್ಟಿನಿಂದ ಕೈಬಿಡಬೇಕು ಅಂತ 2025ರ ಜನವರಿಯಲ್ಲಿ ಒಂದು ನಿಯಮ ಬಂದಿತ್ತು. ಅದೇ ವರ್ಷದ ಜುಲೈಯಲ್ಲಿ ಟೆಕ್ಸಾಸಿನ ಫೆಡರಲ್ ಕೋರ್ಟ್ ಅದನ್ನು ರದ್ದು ಮಾಡಿತು. ಇರಲಿ. ಬಾಕಿಗೆ ಹತ್ತು ವರ್ಷ ಆಗಿದ್ದರೆ "ನಿಮ್ಮ ಸ್ಕೋರ್ ಬಿದ್ದುಹೋಗುತ್ತೆ, ಮನೆ ಸಾಲ ಸಿಗಲ್ಲ" ಅನ್ನೋದು ಬರೀ ಬಾಯಿಮಾತು. ರಿಪೋರ್ಟನ್ನು ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಪುಕ್ಕಟೆ ನೋಡಬಹುದು. ಕರೆ ಬಂದ ದಿನವೇ ನೋಡಿಬಿಡಿ.

ಒಂದನೇ ದಾರಿ: ಸುಮ್ನೆ ಇದ್ದುಬಿಡೋದು

ಜಾಸ್ತಿ ಜನ ಹಿಡಿಯುವ ದಾರಿ ಇದೇ. ನಂಬರ್ ಬ್ಲಾಕ್ ಮಾಡಿ, ಪತ್ರ ಹರಿದು ಬಿಸಾಕಿ ಸುಮ್ಮನಾಗೋದು. ಅವಧಿ ಖಂಡಿತ ಮುಗಿದಿದ್ದರೆ, ರಿಪೋರ್ಟಿನಲ್ಲೂ ಇಲ್ಲದಿದ್ದರೆ, ಇದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ಆ "ಖಂಡಿತ" ಅನ್ನೋದು ಪುರಾವೆ ಕೇಳದೆ ಗೊತ್ತಾಗುವುದಾದರೂ ಹೇಗೆ? ಪತ್ರ ತೆರೆಯದವರಿಗೆ ಕೋರ್ಟಿನ ಸಮನ್ಸ್ ಬಂದದ್ದೂ ತಿಳಿಯೋದಿಲ್ಲ. ಕರೆ ಎತ್ತದೇ ಇರಿ ಪರವಾಗಿಲ್ಲ, ಕಾಗದ ಮಾತ್ರ ಒಂದನ್ನೂ ಓದದೆ ಎಸೆಯಬೇಡಿ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಕೊನೆಯ ಆಯ್ಕೆ. ಸೋಮಾರಿತನಕ್ಕೆ ಹಿಡಿಸುತ್ತದೆ ಅನ್ನೋದನ್ನು ಬಿಟ್ಟರೆ ಇದರಲ್ಲಿ ಬೇರೆ ಗುಣ ಕಾಣೆ.

ಎರಡನೇ ದಾರಿ: "ಪುರಾವೆ ಕೊಡಿ" ಅನ್ನೋದು

ಯಾರಿಗೇ ಆಗಲಿ ಮೊದಲ ಹೆಜ್ಜೆ ಇದಾಗಿರಲಿ ಅನ್ನುತ್ತೇನೆ. ಇದಕ್ಕೆ ಖರ್ಚು ಅಂದರೆ ಅಂಚೆಯದ್ದು ಅಷ್ಟೇ. ಬಾಕಿ ವಸೂಲಿಯವರಿಗೆ ಕಟ್ಟುಪಾಡು ಹಾಕುವ 1977ರ ಎಫ್‌ಡಿಸಿಪಿಎ ಕಾನೂನಿನ ಪ್ರಕಾರ, ಕಲೆಕ್ಟರ್ ನಿಮ್ಮನ್ನು ಮೊದಲ ಸಲ ಸಂಪರ್ಕಿಸಿದ 5 ದಿನದೊಳಗೆ ಬಾಕಿಯ ವಿವರದ ನೋಟಿಸ್ ಕೊಡಬೇಕು. ಅದು ಕೈಸೇರಿದ 30 ದಿನದೊಳಗೆ ನೀವು ಬರೆದು ತಕರಾರು ಹಾಕಿದರೆ, ಪುರಾವೆ ಕಳಿಸುವ ತನಕ ವಸೂಲಿ ನಿಲ್ಲಿಸಬೇಕು. 30 ದಿನ ದಾಟಿದ ಮೇಲೂ ಕೇಳಬಹುದು. ಆಗ ನಿಲ್ಲಿಸಲೇಬೇಕೆಂಬ ಕಟ್ಟುಪಾಡು ಅವರಿಗೆ ಇರುವುದಿಲ್ಲ, ಅಷ್ಟೇ.

ಸರ್ಕಾರದ ಮಾದರಿಯಲ್ಲಿ ಕಳಿಸಿದ್ದರೆ ಆ ನೋಟಿಸಿನ ಕೆಳಭಾಗ ಹರಿದು ವಾಪಸ್ ಕಳಿಸುವ ಚೀಟಿಯಂತಿರುತ್ತದೆ. ಅದನ್ನು ಒಂದು ಸಲ ನಿಧಾನವಾಗಿ ಓದಿ. ಟಿಕ್ ಹಾಕಲು ಚೌಕಗಳಿವೆ. "ಇದು ನನ್ನ ಸಾಲ ಅಲ್ಲ", "ಮೊತ್ತ ತಪ್ಪಾಗಿದೆ", "ಬೇರೆ ಕಾರಣ". ಅವುಗಳ ಕೆಳಗೆ "ಮೂಲ ಸಾಲ ಕೊಟ್ಟವರ ಹೆಸರು, ವಿಳಾಸ ಕಳಿಸಿ" ಅನ್ನುವ ಚೌಕ. ಅದರ ಜೊತೆಗೇ, ಏನೂ ಅಲ್ಲವೆಂಬಂತೆ, "ಇಷ್ಟು ಹಣ ಇದರೊಂದಿಗೆ ಇಟ್ಟಿದ್ದೇನೆ" ಅನ್ನುವ ಇನ್ನೊಂದು ಚೌಕ ಮತ್ತು ಡಾಲರ್ ಗುರುತು. ಮೊದಲಿನವುಗಳಲ್ಲಿ ನಿಮಗೆ ಸರಿಹೊಂದುವುದಕ್ಕೆ ಟಿಕ್ ಹಾಕಿ, ಮೂಲದವರ ಹೆಸರು ಕೇಳುವ ಚೌಕಕ್ಕೂ ಹಾಕಿ. ಹಣದ ಚೌಕ ಖಾಲಿ ಬಿಡಿ. ನೋಟಿಸಿನಲ್ಲಿ ಒಂದು ತಾರೀಕನ್ನಿಟ್ಟುಕೊಂಡು "ಅಂದು ಇಷ್ಟಿತ್ತು, ಆಮೇಲೆ ಬಡ್ಡಿ ಇಷ್ಟು, ಶುಲ್ಕ ಇಷ್ಟು" ಅಂತ ತೋರಿಸಿರುತ್ತಾರೆ. ಆ ತಾರೀಕು ಚಿಕಿತ್ಸೆಯ ದಿನವೂ ಆಗಿರಬಹುದು, ಕೊನೆಯ ಸ್ಟೇಟ್‌ಮೆಂಟಿನ ದಿನವೂ ಆಗಿರಬಹುದು. ಅದನ್ನೇ ಹಿಡಿದು ಕೋರ್ಟಿನ ಅವಧಿ ಎಣಿಸಬೇಡಿ.

ನಿಮ್ಮದೇ ಪತ್ರ ಬರೆಯುವುದಾದರೆ ಚಿಕ್ಕದಿರಲಿ. ಈ ಬಾಕಿಯನ್ನು ಒಪ್ಪುವುದಿಲ್ಲ, ಮೂಲ ಆಸ್ಪತ್ರೆ ಅಥವಾ ಡಾಕ್ಟರ್ ಯಾರು, ಚಿಕಿತ್ಸೆಯ ತಾರೀಕು ಯಾವುದು, ಕೊನೆಯ ಪಾವತಿ ಎಂದು, ವಿವರವಾದ ಬಿಲ್ ಕಳಿಸಿ, ನಿಮಗೆ ಇದು ಹೇಗೆ ಬಂತು ಅನ್ನುವ ದಾಖಲೆ ಕೊಡಿ. ಇಷ್ಟೇ ಸಾಕು. ಆಗ ಕೈಲಿ ಕಾಸಿರಲಿಲ್ಲ, ವೀಸಾ ತೊಂದರೆ ಇತ್ತು ಅಂತ ಕತೆ ಹೇಳಲು ಹೋಗಬೇಡಿ. ಆ ಕತೆಯೊಳಗೇ "ಹೌದು, ಬಾಕಿ ಇದೆ" ಅನ್ನುವ ಒಪ್ಪಿಗೆ ಅಡಗಿರುತ್ತದೆ. ಸರ್ಟಿಫೈಡ್ ಮೇಲ್‌ನಲ್ಲಿ ರಿಟರ್ನ್ ರಿಸೀಟ್ ಹಾಕಿ ಕಳಿಸಿ. ಸಹಿಯಾಗಿ ವಾಪಸ್ ಬರುವ ಹಸಿರು ಬಣ್ಣದ ಅಂಚೆ ರಸೀದಿಯನ್ನು ಪತ್ರದ ಜೆರಾಕ್ಸ್‌ಗೆ ಪಿನ್ ಮಾಡಿ ಇಡಿ.

ಪುರಾವೆ ಬಂತು ಅಂದುಕೊಳ್ಳಿ. ಆಗ ಹಳೇ ಇಮೇಲ್ ಕೆದಕುವ ಕೆಲಸ. ಇನ್ಶೂರೆನ್ಸ್ ಕಂಪನಿ ಆಗ ಕಳಿಸಿದ್ದ ಇಒಬಿ ಅನ್ನುವ ವಿವರಪಟ್ಟಿ ಸಿಕ್ಕರೆ, ಅದರ ಕೊನೆಯ ಕಾಲಂ ನೋಡಿ. ರೋಗಿ ಕೊಡಬೇಕಾದ್ದು ಎಷ್ಟು ಅಂತ ಅಲ್ಲಿರುತ್ತದೆ. ಆಸ್ಪತ್ರೆ ಇನ್ಶೂರೆನ್ಸಿಗೆ ಕ್ಲೇಮ್ ತಡವಾಗಿ ಕಳಿಸಿ ಅದು ತಿರಸ್ಕಾರವಾಗಿದ್ದರೆ, ನೆಟ್‌ವರ್ಕಿನೊಳಗಿನ ಆಸ್ಪತ್ರೆಗಳು ಸಾಮಾನ್ಯವಾಗಿ ಆ ಹಣವನ್ನು ರೋಗಿಯಿಂದ ಕೇಳುವ ಹಾಗಿಲ್ಲ. ಅದು ಇನ್ಶೂರೆನ್ಸ್ ಜೊತೆ ಅವರೇ ಮಾಡಿಕೊಂಡ ಕರಾರು. ಆ ಕಾಲಂನಲ್ಲಿ ಸೊನ್ನೆ ಇದ್ದು ಕಲೆಕ್ಷನ್‌ನವರು 1,800 ಕೇಳುತ್ತಿದ್ದರೆ, ಆ ಒಂದು ಹಾಳೆಯ ಪ್ರತಿ ಕಳಿಸಿದರೆ ಮಾತು ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ಲಾಭ: ಕಳ್ಳರು ಯಾರು ಅಂತ ಇಲ್ಲೇ ಗೊತ್ತಾಗುತ್ತದೆ. ಕಲೆಕ್ಟರ್ ವೇಷದಲ್ಲಿ ದುಡ್ಡು ಹೊಡೆಯುವವರು ಬರೆದ ನೋಟಿಸ್ ಕೊಡಲು ಒಪ್ಪುವುದಿಲ್ಲ. ಗಿಫ್ಟ್ ಕಾರ್ಡಿನಲ್ಲಿ ಕಟ್ಟಿ, ಇವತ್ತೇ ಕಟ್ಟಿ, ಇಲ್ಲದಿದ್ದರೆ ಪೊಲೀಸ್ ಬರುತ್ತಾರೆ, ವೀಸಾ ಹೋಗುತ್ತದೆ ಅನ್ನುತ್ತಾರೆ. ಆಸ್ಪತ್ರೆ ಬಾಕಿ ಸಿವಿಲ್ ವಿಷಯ. ಕಟ್ಟದಿದ್ದರೆ ಅರೆಸ್ಟ್ ಅಂತ ಹೇಳುವುದೇ ಎಫ್‌ಡಿಸಿಪಿಎ ಕಾನೂನಿನಲ್ಲಿ ತಪ್ಪು.

ಮೂರನೇ ದಾರಿ: "ಇನ್ನು ಸಂಪರ್ಕಿಸಬೇಡಿ" ಅನ್ನುವ ಪತ್ರ

ನಿಮ್ಮನ್ನು ಸಂಪರ್ಕಿಸಬಾರದು ಅಂತ ಬರೆದುಕೊಟ್ಟರೆ ಕಲೆಕ್ಟರ್ ನಿಲ್ಲಿಸಲೇಬೇಕು. "ನಿಲ್ಲಿಸುತ್ತಿದ್ದೇವೆ" ಅಂತಲೋ, "ಇಂಥ ಕ್ರಮ ಕೈಗೊಳ್ಳಬಹುದು" ಅಂತಲೋ ತಿಳಿಸಲು ಮಾತ್ರ ಆಮೇಲೆ ಬರೆಯಬಹುದು. ಅವಧಿ ಮುಗಿದ ಬಾಕಿಗೆ ಇದಕ್ಕಿಂತ ನೆಮ್ಮದಿ ಕೊಡುವ ಕಾಗದ ಇನ್ನೊಂದಿಲ್ಲ. ಆದರೆ ಬಾಕಿ ಇನ್ನೂ ಅವಧಿಯೊಳಗೆ ಇದ್ದರೆ ಎರಡು ಸಲ ಯೋಚಿಸಿ. ಮಾತಿನ ದಾರಿ ಮುಚ್ಚಿದರೆ ಅವರಿಗೆ ಉಳಿಯುವುದು ಕೋರ್ಟಿನ ದಾರಿ. ಬಾಕಿಯನ್ನು ಇನ್ನೊಬ್ಬರಿಗೆ ಮಾರಿದರೆ ಹೊಸಬರಿಗೆ ಹೊಸ ಪತ್ರ ಬರೆಯಬೇಕು. ಅದಕ್ಕೇ ಹಳೆಯದರ ಪ್ರತಿ ಇಟ್ಟುಕೊಳ್ಳಬೇಕು.

ಪೂರ್ತಿ ನಿಲ್ಲಿಸೋದು ಬೇಡ, ಕಾಟ ಕಮ್ಮಿಯಾದರೆ ಸಾಕು ಅನ್ನುವವರಿಗೂ ನಿಯಮಗಳಿವೆ. ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 9ರ ನಂತರ ಫೋನ್ ಮಾಡುವಂತಿಲ್ಲ. ಒಂದು ಬಾಕಿಗೆ 7 ದಿನದಲ್ಲಿ 7 ಕರೆಗಿಂತ ಜಾಸ್ತಿ ಮಾಡಿದರೆ ಕಿರುಕುಳ ಅಂತಲೇ ಎಣಿಕೆ. ಒಂದು ಸಲ ಮಾತಾಡಿದ ಮೇಲೆ 7 ದಿನ ಬಿಡಬೇಕು. ಆಫೀಸಿಗೆ ಫೋನ್ ಮಾಡಬೇಡಿ ಅಂದರೆ ಮಾಡಬಾರದು. ನಿಮ್ಮ ಬಾಕಿಯ ವಿಷಯವನ್ನು ಅಪ್ಪ ಅಮ್ಮ, ಅಣ್ಣ ತಮ್ಮ, ರೂಮ್‌ಮೇಟ್, ಮ್ಯಾನೇಜರ್ ಯಾರ ಮುಂದೂ ಬಿಚ್ಚಬಾರದು. ಹೆಂಡತಿ ಅಥವಾ ಗಂಡನ ಹತ್ತಿರ ಮಾತ್ರ ಮಾತಾಡಬಹುದು. ಮಾನ ಹೋಗುತ್ತೆ ಅನ್ನುವ ನಮ್ಮ ಹೆದರಿಕೆಯ ಮೇಲೆ ಆಟ ಆಡುವವರಿಗೆ ಈ ಒಂದು ನಿಯಮ ನೆನಪಿಸಿದರೆ ಸಾಕು, ದನಿ ಇಳಿಯುತ್ತದೆ.

ನಾಲ್ಕನೇ ದಾರಿ: ಚೌಕಾಶಿ ಮಾಡಿ ಚುಕ್ತಾ ಮಾಡೋದು

ಬಾಕಿ ನಿಮ್ಮದೇ, ಮೊತ್ತ ಸರಿ ಇದೆ, ಅವಧಿ ಇನ್ನೂ ಇದೆ ಅಂದರೆ ಇದು ಬುದ್ಧಿವಂತರ ದಾರಿ. ಎರಡು ನಾಲ್ಕು ಸೆಂಟಿಗೆ ಕೊಂಡವರ ಹತ್ತಿರ ಪೂರ್ತಿ ಡಾಲರ್ ಕೊಡುವ ಅಗತ್ಯ ಏನು? ನಾನಾದರೆ ಐದರಲ್ಲಿ ಒಂದು ಪಾಲಿನಿಂದ ಶುರು ಮಾಡುತ್ತೇನೆ, ಅದೂ ಒಂದೇ ಸಲಕ್ಕೆ ಕೊಡುವ ಮಾತಿನ ಮೇಲೆ. ಕಂತಿಗೆ ಒಪ್ಪಬೇಡಿ. ಮೂರನೇ ಕಂತಿಗೆ ನಿಂತುಹೋದರೆ ದುಡ್ಡೂ ಹೋಯಿತು, ಅವಧಿಯೂ ಹೊಸದಾಯಿತು.

ದುಡ್ಡು ಕೊಡುವ ಮೊದಲು ಅವರ ಸಹಿಯ ಪತ್ರ ಕೈಯಲ್ಲಿರಬೇಕು. ಇಷ್ಟು ಕೊಟ್ಟರೆ ಬಾಕಿ ಪೂರ್ತಿ ತೀರಿದಂತೆ, ಉಳಿದದ್ದನ್ನು ಯಾರಿಗೂ ಮಾರುವುದಿಲ್ಲ ಅಂತ ಅದರಲ್ಲಿರಬೇಕು. ಹಣ ಕ್ಯಾಶಿಯರ್ಸ್ ಚೆಕ್‌ನಲ್ಲಿ ಕೊಡಿ. ಸಂಬಳ ಬರುವ ಅಕೌಂಟಿನ ನಂಬರ್ ಅವರಿಗೆ ಕೊಡಲೇಬೇಡಿ. ಇನ್ನೊಂದು ಮಾತು: 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಮನ್ನಾ ಆದರೆ 1099-ಸಿ ಅನ್ನುವ ಫಾರ್ಮ್ ಬರಬಹುದು. ಮನ್ನಾ ಆದ ಹಣ ಆದಾಯ ಅಂತ ತೆರಿಗೆಗೆ ಸೇರುತ್ತದೆ. ಆ ಹೊತ್ತಿಗೆ ನಿಮ್ಮ ಆಸ್ತಿಗಿಂತ ಸಾಲವೇ ಜಾಸ್ತಿ ಇದ್ದರೆ 982 ಅನ್ನುವ ಫಾರ್ಮ್ ತುಂಬಿ ಬಿಡಿಸಿಕೊಳ್ಳಬಹುದು.

ಅವಧಿ ಮುಗಿದ ಮೇಲೂ ಕೊಡಬೇಕು ಅನ್ನಿಸುವವರಿದ್ದಾರೆ. ಋಣ ಇಟ್ಟುಕೊಳ್ಳಬಾರದು ಅಂತ ಬೆಳೆದವರು ನಾವು. ಆ ಭಾವನೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಚಿಕಿತ್ಸೆ ಕೊಟ್ಟದ್ದು ಆಸ್ಪತ್ರೆ. ಬಾಕಿ ಮಾರಿದ ಮೇಲೆ ನೀವು ಕಟ್ಟುವ ಹಣದಲ್ಲಿ ಅವರಿಗೆ ಒಂದು ಸೆಂಟೂ ಹೋಗುವುದಿಲ್ಲ. ಋಣ ತೀರಿಸುವುದೇ ಆದರೆ ಆ ಆಸ್ಪತ್ರೆಗೆ ದಾನವಾಗಿಯೇ ಕೊಡಬಹುದು. ಅಥವಾ ಅನ್‌ಡ್ಯೂ ಮೆಡಿಕಲ್ ಡೆಟ್ ಅನ್ನುವ ಸಂಸ್ಥೆ ಇದೆ. ವಸೂಲಿ ಕೆಲಸದಲ್ಲೇ ಇದ್ದ ಇಬ್ಬರು ಅದನ್ನು 2014ರಲ್ಲಿ ಆರ್‌ಐಪಿ ಮೆಡಿಕಲ್ ಡೆಟ್ ಅನ್ನುವ ಹೆಸರಲ್ಲಿ ಶುರು ಮಾಡಿದರು. ಬಡವರ ಬಾಕಿಗಳನ್ನು ಕಲೆಕ್ಷನ್‌ನವರ ಹಾಗೇ ಚಿಲ್ಲರೆ ಕಾಸಿಗೆ ಕೊಂಡು ಮನ್ನಾ ಮಾಡಿಬಿಡುತ್ತದೆ. ನಮ್ಮ ಬಾಕಿಯನ್ನೂ ಕೊಳ್ಳಿ ಅಂತ ಅರ್ಜಿ ಹಾಕಲು ಮಾತ್ರ ಆಗುವುದಿಲ್ಲ.

ಐದನೇ ದಾರಿ: ಆಸ್ಪತ್ರೆಯ ಬಾಗಿಲಿಗೇ ಹೋಗೋದು

ಬಾಕಿ ಇನ್ನೂ ಆಸ್ಪತ್ರೆಯದ್ದೇ ಆಗಿದ್ದು ಏಜೆನ್ಸಿ ಬರೀ ವಸೂಲಿ ಮಾಡುತ್ತಿದ್ದರೆ ಈ ದಾರಿಗೆ ಬೆಲೆ ಇದೆ. ಲಾಭರಹಿತ ಆಸ್ಪತ್ರೆಗಳು ಕಡಿಮೆ ಆದಾಯದವರಿಗೆ ಬಿಲ್ ಇಳಿಸುವ ಅಥವಾ ಬಿಡುವ ಯೋಜನೆ ಇಟ್ಟಿರಲೇಬೇಕು ಅಂತ ಕೇಂದ್ರ ತೆರಿಗೆ ಕಾನೂನು ಹೇಳುತ್ತದೆ. ಮೊದಲ ಬಿಲ್ ಬಂದ 240 ದಿನದ ತನಕ ಅರ್ಜಿ ತೆಗೆದುಕೊಳ್ಳಲೇಬೇಕು. ಹಳೇ ಬಾಕಿಗೆ ಆ ಗಡುವು ಯಾವಾಗಲೋ ಮುಗಿದಿರುತ್ತದೆ. ಆದರೂ ಬಿಲ್ಲಿಂಗ್ ಆಫೀಸಿಗೆ ಕೇಳೋದರಲ್ಲಿ ತಪ್ಪಿಲ್ಲ. ಆ ವರ್ಷ ನೀವು ಸ್ಟೈಪೆಂಡ್ ಮೇಲೆ ಬದುಕುತ್ತಿದ್ದ ವಿದ್ಯಾರ್ಥಿ ಆಗಿದ್ದಿರಿ ಅಂದರೆ ಆಗಿನ ಟ್ಯಾಕ್ಸ್ ರಿಟರ್ನ್ ಹುಡುಕಿಟ್ಟುಕೊಳ್ಳಿ. ಇಲ್ಲೂ ಅದೇ ಎಚ್ಚರಿಕೆ: ವಿಚಾರಿಸುವಾಗ "ನಾನು ಕೊಡಬೇಕಾದ ಹಣ" ಅಂತ ಬರೆಯದೆ, "ನನ್ನ ಹೆಸರಲ್ಲಿ ತೋರಿಸಿರುವ ಈ ಬಿಲ್" ಅಂತ ಬರೆಯಿರಿ.

ಒಂದು ವ್ಯತ್ಯಾಸ ಗೊತ್ತಿರಲಿ. ಮೇಲೆ ಹೇಳಿದ ಎಫ್‌ಡಿಸಿಪಿಎ ನಿಯಮಗಳು ಬೇರೆಯವರ ಬಾಕಿ ವಸೂಲಿ ಮಾಡುವವರಿಗೆ. ಆಸ್ಪತ್ರೆಯ ಸ್ವಂತ ಬಿಲ್ಲಿಂಗ್‌ನವರಿಗೆ ಸಾಮಾನ್ಯವಾಗಿ ಅವು ತಾಗುವುದಿಲ್ಲ. ಕ್ಯಾಲಿಫೋರ್ನಿಯಾದ ರೋಸೆಂತಾಲ್ ಕಾಯ್ದೆಯಂಥ ರಾಜ್ಯದ ಕಾನೂನು ಇದ್ದ ಕಡೆ ಮಾತು ಬೇರೆ.

ದೂರು, ವಕೀಲ, ದಿವಾಳಿ

ಕಲೆಕ್ಟರ್ ನಿಯಮ ಮುರಿದರೆ, ಹಣಕಾಸು ವ್ಯವಹಾರದಲ್ಲಿ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ ಸಿಎಫ್‌ಪಿಬಿಯ ವೆಬ್‌ಸೈಟಿನಲ್ಲಿ ದೂರು ಕೊಡಬಹುದು, ರಾಜ್ಯದ ಅಟಾರ್ನಿ ಜನರಲ್ ಆಫೀಸಿಗೂ ಕೊಡಬಹುದು. 2025ರಿಂದ ಸಿಎಫ್‌ಪಿಬಿಯ ಬಲ ಕುಗ್ಗಿದೆ, ಹಾಗಾಗಿ ಎರಡೂ ಕಡೆ ಹಾಕಿ. ವಕೀಲರ ಫೀಸಿಗೆ ಹೆದರುವವರಿಗೆ ಒಂದು ಸಂಗತಿ: ಎಫ್‌ಡಿಸಿಪಿಎ ಕಾನೂನಿನಡಿ ನೀವು ಗೆದ್ದರೆ 1,000 ಡಾಲರ್ ತನಕ ಪರಿಹಾರ, ಆದ ನಷ್ಟ, ಜೊತೆಗೆ ನಿಮ್ಮ ವಕೀಲರ ಫೀಸನ್ನೂ ಎದುರಾಳಿಯೇ ಕೊಡಬೇಕು. ಅದಕ್ಕೇ ಕೈಯಿಂದ ಕಾಸು ಕೇಳದೆ ಇಂಥ ಕೇಸ್ ತೆಗೆದುಕೊಳ್ಳುವ ಗ್ರಾಹಕ ವಕೀಲರು ಸಿಗುತ್ತಾರೆ. ತಪ್ಪು ನಡೆದ ಒಂದು ವರ್ಷದೊಳಗೆ ದಾವೆ ಹಾಕಬೇಕು. ಕರೆ ಬಂದ ದಿನ, ಹೊತ್ತು, ಆಡಿದ ಮಾತು ಒಂದು ಕಡೆ ಬರೆದಿಡಿ.

ದಿವಾಳಿ ಅರ್ಜಿ ಒಂದು ಹಳೇ ಬಿಲ್ಲಿಗೆ ಹಾಕುವಂಥದ್ದಲ್ಲ. ಚಾಪ್ಟರ್ 7 ಅನ್ನುವ ಬಗೆಯ ದಿವಾಳಿ ಹತ್ತು ವರ್ಷ ರಿಪೋರ್ಟಿನಲ್ಲಿ ಕೂತಿರುತ್ತದೆ. ಇರುವ ಸಾಲಗಳೆಲ್ಲ ಸೇರಿ ಕುತ್ತಿಗೆಗೆ ಬಂದಿದ್ದರೆ ಮಾತ್ರ ಆ ಮಾತು.

ಕೋರ್ಟಿನ ಕಾಗದ ಬಂದರೆ

ಇಲ್ಲಿ ಆಯ್ಕೆ ಅನ್ನೋದೇ ಇಲ್ಲ. ಉತ್ತರ ಹಾಕಲೇಬೇಕು. ಅವಧಿ ಮುಗಿದಿದೆ ಅನ್ನೋದನ್ನು ಜಡ್ಜ್ ತಾವಾಗಿ ಹುಡುಕಿ ಹೇಳುವುದಿಲ್ಲ. ನಿಮ್ಮ ಉತ್ತರದಲ್ಲಿ ನೀವೇ ಎತ್ತಬೇಕು. ಉತ್ತರ ಹಾಕಲು ಕ್ಯಾಲಿಫೋರ್ನಿಯಾದಲ್ಲಿ 30 ದಿನ, ನ್ಯೂಜೆರ್ಸಿಯಲ್ಲಿ 35, ಟೆಕ್ಸಾಸಿನ ಜಸ್ಟಿಸ್ ಕೋರ್ಟಿನಲ್ಲಿ ಬರೀ 14. ಉತ್ತರ ಹಾಕದಿದ್ದರೆ ಏಕಪಕ್ಷೀಯ ತೀರ್ಪು ಬರುತ್ತದೆ, ಬಾಕಿ ಎಷ್ಟೇ ಹಳೆಯದಿರಲಿ. ಆ ತೀರ್ಪಿಗೆ ಬೇರೆಯೇ ಆಯಸ್ಸು. ಕ್ಯಾಲಿಫೋರ್ನಿಯಾದಲ್ಲಿ 10 ವರ್ಷ, ಮತ್ತೆ ನವೀಕರಿಸಬಹುದು. ನ್ಯೂಯಾರ್ಕಿನಲ್ಲಿ 20 ವರ್ಷ. ತೀರ್ಪು ಹಿಡಿದು ಬ್ಯಾಂಕ್ ಖಾತೆಗೆ ಕೈ ಹಾಕಬಹುದು, ಬಹಳ ರಾಜ್ಯಗಳಲ್ಲಿ ಸಂಬಳಕ್ಕೂ. ಟೆಕ್ಸಾಸಿನಲ್ಲಿ ಇಂಥ ಬಾಕಿಗೆ ಸಂಬಳ ಹಿಡಿಯಲು ಬರುವುದಿಲ್ಲ.

ಹಳೇ ಅಪಾರ್ಟ್‌ಮೆಂಟ್ ಬಾಗಿಲಿಗೆ ಸಮನ್ಸ್ ಅಂಟಿಸಿ ನಿಮಗೆ ಗೊತ್ತೇ ಇಲ್ಲದೆ ತೀರ್ಪು ಆಗಿರುವುದೂ ಉಂಟು. ಅದಕ್ಕೆ, ಅವಧಿ ಮುಗಿದಿದೆ ಅಂತ ನಿರಾಳವಾಗುವ ಮೊದಲು ಆಗ ನೀವಿದ್ದ ಕೌಂಟಿಯ ಕೋರ್ಟ್ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ. ನಮ್ಮ ಹೆಸರುಗಳನ್ನು ಅಲ್ಲಿ ಹೇಗೆ ಬೇಕಾದರೂ ಮುರಿದು ಬರೆದಿರುತ್ತಾರೆ. ತಂದೆ ಹೆಸರು, ಊರ ಹೆಸರು, ಇನಿಷಿಯಲ್ ಯಾವುದು ಸರ್‌ನೇಮ್ ಆಗಿದೆಯೋ ದೇವರೇ ಬಲ್ಲ. ಎಲ್ಲ ರೀತಿಯಲ್ಲೂ ಹುಡುಕಿ ನೋಡಿ. ತೀರ್ಪು ಸಿಕ್ಕರೆ, ನೋಟಿಸ್ ತಲುಪಲೇ ಇಲ್ಲ ಅಂತ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು. ಇದಕ್ಕೆ ವಕೀಲರು ಬೇಕು.

ಅಪ್ಪ ಅಮ್ಮನ ಬಿಲ್ ಮಗನ ತಲೆಗೆ?

ಊರಿಂದ ಬಂದ ಅಮ್ಮನ ಆಸ್ಪತ್ರೆ ಬಿಲ್ಲಿಗೆ ಮಗಳಿಗೆ ಕರೆ ಬಂದರೆ, ಮೊದಲು ಕೇಳಬೇಕಾದ್ದು ಒಂದೇ: ನಾನು ಸಹಿ ಹಾಕಿದ ಕಾಗದ ಎಲ್ಲಿದೆ? ಸಾಮಾನ್ಯವಾಗಿ ಬಾಕಿ ರೋಗಿಯದು. ಮಕ್ಕಳು ಗ್ಯಾರಂಟರ್ ಅಂತ ಸಹಿ ಮಾಡಿದ್ದರೆ ಮಾತ್ರ ಅವರ ಮೇಲೆ ಬರುತ್ತದೆ. ರಾತ್ರಿ ಎರಡು ಗಂಟೆಗೆ ಅಮ್ಮ ಸ್ಟ್ರೆಚರ್ ಮೇಲೆ ಇರುವಾಗ ಕ್ಲಿಪ್‌ಬೋರ್ಡಿನಲ್ಲಿ ಕೊಟ್ಟ ಐದಾರು ಹಾಳೆಗೆ ಯಾರು ಓದಿ ಸಹಿ ಹಾಕುತ್ತಾರೆ, ಅಲ್ವಾ? ಆದರೆ 1986ರ ಎಮ್‌ಟಾಲಾ ಕಾನೂನಿನ ಪ್ರಕಾರ, ದುಡ್ಡಿನ ಮಾತೆತ್ತದೆ ಎಮರ್ಜೆನ್ಸಿಯಲ್ಲಿ ತಪಾಸಣೆ ಮಾಡಿ ಅಪಾಯದಿಂದ ಪಾರು ಮಾಡಲೇಬೇಕು. ನೀವು ಗ್ಯಾರಂಟರ್ ಆಗಲಿಲ್ಲ ಅಂತ ತಿರುಗಿಸಿ ಕಳಿಸುವಂತಿಲ್ಲ.

ಇದಕ್ಕೊಂದು ಅಪವಾದ ಇದೆ. ಕೆಲವು ರಾಜ್ಯಗಳಲ್ಲಿ ಬಡ ತಂದೆತಾಯಿಯ ಖರ್ಚನ್ನು ಮಕ್ಕಳು ನೋಡಿಕೊಳ್ಳಬೇಕು ಅನ್ನುವ ಹಳೇ ಕಾನೂನು ಉಳಿದುಕೊಂಡಿದೆ. ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಅದನ್ನು ಹಿಡಿದೇ, ತಾಯಿಯ ನರ್ಸಿಂಗ್ ಹೋಮ್ ಬಿಲ್ ಸುಮಾರು 93,000 ಡಾಲರನ್ನು ಮಗ ಕೊಡಬೇಕು ಅಂತ ತೀರ್ಪಾಯಿತು. ಆ ತಾಯಿ ಬಿಲ್ ಕಟ್ಟದೆ ಗ್ರೀಸ್‌ಗೆ ಹೋಗಿಬಿಟ್ಟಿದ್ದರು. ಇಂಥ ಕೇಸು ಅಪರೂಪ. ಆದರೂ ಪೆನ್ಸಿಲ್ವೇನಿಯಾದಲ್ಲಿರುವವರು ಇದನ್ನು ತಿಳಿದುಕೊಂಡೇ ಮಾತಾಡುವುದು ಒಳ್ಳೆಯದು.

ಊರಿಗೆ ಮರಳಿದವರಿಗೆ

ಅಮೆರಿಕ ಬಿಟ್ಟು ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ನೆಲೆಸಿದವರಿಗೂ ಇಮೇಲ್, ವಾಟ್ಸಾಪ್‌ನಲ್ಲಿ ಕಲೆಕ್ಷನ್‌ನವರು ಬರಬಹುದು. ಅಮೆರಿಕದ ಕೋರ್ಟಿನ ತೀರ್ಪನ್ನು ಇಲ್ಲಿ ನೇರವಾಗಿ ಜಾರಿ ಮಾಡಲು ಆಗುವುದಿಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಬ್ರಿಟನ್, ಸಿಂಗಪುರ, ಯುಎಇಯಂಥ ದೇಶಗಳಿಗೆ ಆ ಸೌಲಭ್ಯ ಇದೆ, ಅಮೆರಿಕಕ್ಕೆ ಇಲ್ಲ. ಅವರು ಆ ತೀರ್ಪಿನ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹಾಕಬೇಕು, ಅದೂ ತೀರ್ಪು ಬಂದ 3 ವರ್ಷದೊಳಗೆ. ನೋಟಿಸ್ ಕೊಡದೆ, ಪೂರ್ತಿ ವಿಚಾರಣೆ ಇಲ್ಲದೆ ಕೊಟ್ಟ ತೀರ್ಪನ್ನು 13ನೇ ಕಲಮಿನಡಿ ಇಲ್ಲಿ ಪ್ರಶ್ನಿಸಬಹುದು. ಎರಡು ಮೂರು ಸಾವಿರ ಡಾಲರಿಗೆ ಯಾರೂ ಇಷ್ಟು ದೂರ ಬರುವುದಿಲ್ಲ ಅಂತಲೇ ನನ್ನ ಅಂದಾಜು.

ಆದರೆ ಅಲ್ಲಿ ಬ್ಯಾಂಕ್ ಖಾತೆ, 401ಕೆ ಅನ್ನುವ ನಿವೃತ್ತಿ ಉಳಿತಾಯ ಅಂತ ಏನಾದರೂ ಉಳಿಸಿ ಬಂದಿದ್ದರೆ, ಅಥವಾ ಮತ್ತೆ ಹೋಗುವ ಯೋಚನೆ ಇದ್ದರೆ, ಕೌಂಟಿ ಕೋರ್ಟಿನ ಹುಡುಕಾಟ ಇಲ್ಲಿಂದಲೇ ಮಾಡಿಬಿಡಿ. ಅಲ್ಲಿನ ಅಂಚೆ ವಿಳಾಸವಾಗಿ ಸ್ನೇಹಿತರ ಮನೆ ಕೊಟ್ಟಿದ್ದರೆ, ಆಸ್ಪತ್ರೆ ಅಥವಾ ಕೋರ್ಟಿನ ಹೆಸರಿರುವ ಲಕೋಟೆ ಬಂದ ದಿನವೇ ಒಳಗಿನ ಹಾಳೆಗಳ ಫೋಟೋ ತೆಗೆದು ಕಳಿಸಲು ಅವರಿಗೆ ಹೇಳಿಡಿ.